ಕಡಲೂರಿನ ಪ್ರೇಮಕಥೆ: ಊರಿನ ಪ್ರಶ್ನೆ, ಪ್ರೇಮಿಗಳ ಪ್ರಶ್ನೆ

(ತುಮಕೂರಿನಲ್ಲಿ ಯುವ ಬರಹಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬದಲಾವಣೆಯ ಹೊಸ್ತಿಲಲ್ಲಿ ನಿಂತಿರುವ ಸಣ್ಣದೊಂದು ಕಡಲೂರಿನಲ್ಲಿ ನಡೆಯುವ ಲಘು ಪ್ರೇಮಕಥೆಯನ್ನು ಬರೆಯುವುದು ಹೇಗೆ ಎಂಬುದು ಇಂದಿನ ವಿಷಯ. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಮಳೆ ಬಂದರೆ ನೆಮ್ಮದಿಪಡುವ ಸೀಮೆಯವರಾದ ನಾವು, 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯ ಕಥೆಯನ್ನು ಬರೆಯಬಹುದೇ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಕೇಳಿದ್ದೀರಿ. ಬರೆಯಬಹುದು ಎಂದೇ ನನ್ನ ಉತ್ತರ. ನಮ್ಮ ಊರನ್ನು ಸೀಳಿಕೊಂಡು ಹೋಗುವ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಅದು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳನ್ನು ದಾಟಿ, ಘಟ್ಟ ಇಳಿದು, ಶರಾವತಿ ಸಮುದ್ರ ಸೇರುವ ಊರಿನಲ್ಲಿ ಮುಗಿಯುತ್ತದೆ. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಬದುಕುವವರು ಒಬ್ಬರ ಕಥೆಯನ್ನು ಇನ್ನೊಬ್ಬರು ಬರೆಯುವುದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಆ ಊರು ದುಡಿಯುವ ಬಗೆಯನ್ನು ತಿಳಿಯದೆ ಬರೆದರೆ ಅನ್ಯಾಯವಾಗುತ್ತದೆ, ಮತ್ತು ಈ ಬಗೆಯ ಕಥೆಗಳಲ್ಲಿ ಹೆಚ್ಚಿನವು ಎಡವುವುದು ಅಲ್ಲಿಯೇ.

ಲಘು ಪ್ರೇಮಕಥೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದುತ್ತಲೇ ಕನ್ನಡ ಓದುವ ಅಭ್ಯಾಸ ಬೆಳೆಸಿಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಆ ಓದುಗರನ್ನು, ಅದರಲ್ಲೂ ಆ ಓದುಗಿಯರನ್ನು, ಕಡೆಗಣಿಸಿ ಮಾತನಾಡುವುದನ್ನು ನಾನು ಒಪ್ಪುವುದಿಲ್ಲ. ಈ ಪ್ರಕಾರಕ್ಕೆ ಬೇರೆ ಕಥೆಗಳಿಗಿಲ್ಲದ ಒಂದು ಸೌಲಭ್ಯವಿದೆ. ಇಬ್ಬರೂ ಕೊನೆಗೆ ಒಂದಾಗುತ್ತಾರೆ ಎಂಬುದು ಓದುವವರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತಿರುತ್ತದೆ. ಮುಂದೇನಾಗುವುದೋ ಎಂಬ ಆತಂಕ ಇಲ್ಲದಿರುವುದರಿಂದ ಅವರ ಕಣ್ಣು ಸುತ್ತಲಿನದನ್ನು ನೋಡಲು ಬಿಡುವಾಗಿರುತ್ತದೆ: ಅಂಗಡಿ, ಬಸ್ಸು, ಅಡುಗೆಮನೆ, ಸಾಲದ ಪುಸ್ತಕ, ಜನ ಜಗಳವಾಡುವ ರೀತಿ. ಆದ್ದರಿಂದಲೇ ಬದಲಾಗುತ್ತಿರುವ ಊರೊಂದನ್ನು ಹಿಡಿದಿಡಲು ಇಂತಹ ಕಥೆ ಬಹಳ ತಕ್ಕದ್ದು. ದುರಂತ ಕಥೆಯಲ್ಲಿ ಊರು ದುಃಖಕ್ಕೆ ಹಿನ್ನೆಲೆಯಾಗಿಬಿಡುತ್ತದೆ. ಇಲ್ಲಿ ಊರಿಗೆ ತನ್ನದೇ ಆದ ಜಾಗ ಸಿಗುತ್ತದೆ.

ಮೊದಲು ಊರಿನ ವಿಚಾರ. ಸಣ್ಣ ಕಡಲೂರನ್ನು ತೂಕಡಿಸುವ ಊರು ಎಂದು ವರ್ಣಿಸುವುದು ರೂಢಿ. ಮಧ್ಯಾಹ್ನ 2 ಗಂಟೆಗೆ ಬಸ್ಸಿಳಿದವರಿಗೆ ಹಾಗೆ ಕಾಣುವುದು ಸಹಜವೇ. ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತದೆ, ಬಂದರಿನ ನೆರಳಿನಲ್ಲಿ ನಾಯಿ ಮಲಗಿರುತ್ತದೆ, ಬಲೆಯ ರಾಶಿಯ ಮೇಲೆ ಒಬ್ಬರು ತಲೆಗೆ ತೋಳು ಕೊಟ್ಟು ಒರಗಿರುತ್ತಾರೆ. ಆದರೆ ಅದೇ ಊರು ನಸುಕಿನ 4 ಗಂಟೆಗೆ ಎದ್ದು, ಬೋಟು ಬರುವುದನ್ನು ಕಾದು, ಮೀನು ಹರಾಜು ಕೂಗಿ, ಐಸು ಪುಡಿಮಾಡಿ, ಲಾರಿಗೆ ತುಂಬಿಸಿ, ಬುಟ್ಟಿ ಹೊತ್ತ ಹೆಂಗಸರನ್ನು ಮೊದಲ ಬಸ್ಸಿಗೆ ಹತ್ತಿಸಿ, ಆಗಲೇ ಒಂದು ದಿನದ ದುಡಿಮೆಯನ್ನು ಮುಗಿಸಿಯಾಗಿರುತ್ತದೆ. ಊರಿಗೆ ಹೊರಗಿನಿಂದ ಬಂದ ನಾಯಕ ಮೊದಲ ಅಧ್ಯಾಯದಲ್ಲಿ ಅದನ್ನು ಜಡವೆಂದು ತಿಳಿದು, ಮೂರನೆಯ ಅಧ್ಯಾಯದಲ್ಲಿ ನಸುಕಿಗೆ ಎದ್ದು ಬಂದರಿಗೆ ಹೋಗಬೇಕಾಗಿ ಬಂದರೆ, ಅವನ ತಿಳಿವಳಿಕೆ ತಿರುಗುವುದನ್ನು ತೋರಿಸಲು ನೀವು ಭಾಷಣ ಬರೆಯಬೇಕಾಗಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಥೆಯನ್ನು ಇಲ್ಲಿಯೇ ಕಟ್ಟೋಣ. ಉತ್ತರ ಕನ್ನಡದ ಕರಾವಳಿಯಲ್ಲಿ, ನದಿಯೊಂದು ಕಡಲು ಸೇರುವ ಅಳಿವೆಯ ದಡದಲ್ಲಿ, ಹೆಸರಿಡದ ಒಂದು ಊರು. ಆಚೆ ದಡಕ್ಕೆ ಹೋಗಲು ತಾರಿ ದೋಣಿ ಇದೆ, ಸೇತುವೆ ಮಂಜೂರಾಗಿದೆ. ಹುಡುಗಿ ಐಸ್ ಕಾರ್ಖಾನೆಯ ಲೆಕ್ಕ ಬರೆಯುವವಳು. ಯಾವ ಬೋಟಿನವರು ಎಷ್ಟು ಬಾಕಿ ಉಳಿಸಿಕೊಂಡಿದ್ದಾರೆ ಎಂಬುದು ಅವಳಿಗೆ ಬಾಯಿಪಾಠ. ಊರಿನ ಗಂಡಸರೆಲ್ಲ ಅವಳ ಮುಂದೆ ತಗ್ಗಿದ ದನಿಯಲ್ಲಿ ಮಾತನಾಡುವುದಕ್ಕೆ ಕಾರಣವೂ ಅದೇ. ಹುಡುಗ ನಮ್ಮ ಗುಬ್ಬಿ ತಾಲ್ಲೂಕಿನವನು, ಸೇತುವೆಗಾಗಿ ಅಳತೆ ಮಾಡಲು ಬಂದ ಸರ್ವೆಯ ತಂಡದವನು, ಈಜು ಬಾರದವನು. ಇಬ್ಬರಿಗೂ ಮಾಡಲು ಕೆಲಸವಿದೆ ಎಂಬುದನ್ನು ಗಮನಿಸಿ. ಕೆಲಸವಿಲ್ಲದ ಪ್ರೇಮಿಗಳಿಗೆ ಪರಸ್ಪರ ನೋಡುತ್ತ ಕೂರುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಅಂತಹ ಕಥೆ ಹತ್ತು ಪುಟದಲ್ಲಿ ಬತ್ತಿಹೋಗುತ್ತದೆ.

ಈಗ ಈ ಕಥೆಯ ಹೊತ್ತನ್ನು ಯಾರು ನಿರ್ಧರಿಸುತ್ತಾರೆ ಎಂದು ಕೇಳಿಕೊಳ್ಳಿ. ನಮ್ಮ ಕಡೆ ಭೇಟಿಯ ಹೊತ್ತನ್ನು ಬಸ್ಸು, ರೈಲು, ಕಾಲೇಜಿನ ಗಂಟೆ ನಿರ್ಧರಿಸುತ್ತವೆ. ಅಳಿವೆಯ ದಡದಲ್ಲಿ ಅದನ್ನು ನಿರ್ಧರಿಸುವುದು ನೀರು. ಭರತ (ಅಂದರೆ ಉಬ್ಬರ), ಇಳಿತಗಳು ದಿನಕ್ಕೆ ಎರಡೆರಡು ಬಾರಿ ಆಗುತ್ತವೆ, ಮತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಈ ಸೋಮವಾರ ಬೆಳಿಗ್ಗೆ 6ಕ್ಕೆ ಇದ್ದ ಇಳಿತ ಮುಂದಿನ ಸೋಮವಾರ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಬಂದಿರುತ್ತದೆ. ಬೇಸಗೆಯಲ್ಲಿ ಇಳಿತದ ಹೊತ್ತಿಗೆ ಅಳಿವೆಯ ಮರಳುದಿಬ್ಬ ತಲೆಯೆತ್ತುತ್ತದೆ; ಅಘನಾಶಿನಿಯಂತಹ ಅಳಿವೆಗಳಲ್ಲಿ ಹೆಂಗಸರು ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವುದು ಆ ಹೊತ್ತಿನಲ್ಲೇ. ನಮ್ಮ ಹುಡುಗಿಯೂ ಚಿಕ್ಕಮ್ಮನ ಜೊತೆ ಅಲ್ಲಿಗೆ ಹೋಗುತ್ತಾಳೆ ಎನ್ನೋಣ. ನಿನ್ನೆ 8 ಗಂಟೆಗೆ ಸಿಕ್ಕವಳು ಇಂದೂ 8ಕ್ಕೇ ಸಿಗುತ್ತಾಳೆಂದು ನಂಬಿ ನಮ್ಮ ಹುಡುಗ ಹೋಗಿ ನಿಂತರೆ, ಮೊದಲ ದಿನ ಸ್ವಲ್ಪ ಕಾಯಬೇಕಾಗುತ್ತದೆ, ಮೂರನೆಯ ದಿನ ಮೊಣಕಾಲುದ್ದದ ನೀರಿನಲ್ಲಿ ನಿಲ್ಲಬೇಕಾಗುತ್ತದೆ, ಐದನೆಯ ದಿನ ದಿಬ್ಬವೇ ಕಾಣುವುದಿಲ್ಲ. ಆಕೆ ತನ್ನಿಂದ ತಪ್ಪಿಸಿಕೊಳ್ಳುತ್ತಿದ್ದಾಳೆಂದು ಅವನು ನೊಂದುಕೊಳ್ಳುತ್ತಾನೆ. ಈತನಿಗೆ ಮಾತಿನ ಮೇಲೆ ನಿಲ್ಲಲು ಬಾರದೆಂದು ಅವಳು ತೀರ್ಮಾನಿಸುತ್ತಾಳೆ. ಇಲ್ಲಿ ಖಳನಾಯಕ ಬೇಕಾಗಿಲ್ಲ, ಕದ್ದ ಪತ್ರವೂ ಬೇಕಾಗಿಲ್ಲ, ಸೋದರತ್ತೆಯ ಪಿತೂರಿಯೂ ಬೇಕಾಗಿಲ್ಲ. ಚಂದ್ರನೇ ಅವರ ನಡುವೆ ತೊಡಕು ತಂದಿದ್ದಾನೆ.

ಈ ತೊಡಕು ಬಿಡಿಸಿಕೊಳ್ಳುವ ಬಗೆಯಲ್ಲೂ ನಮ್ಮ ಕಡೆಯದೊಂದು ಎಳೆ ಸಿಗುತ್ತದೆ. ನೀರಿನ ಏರಿಳಿತ ಚಂದ್ರನನ್ನು ಅನುಸರಿಸುವುದರಿಂದ ತಿಥಿ ಗೊತ್ತಿದ್ದರೆ ಇಳಿತದ ಹೊತ್ತೂ ಗೊತ್ತಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಕರಾವಳಿಯ ಹಿರಿಯರು ತಿಥಿ ಕೇಳಿಯೇ ನೀರಿನ ಹೊತ್ತು ಹೇಳಬಲ್ಲರು. ಟೋಟಲ್ ಸ್ಟೇಷನ್ ಯಂತ್ರ ಹಿಡಿದು ನದಿಯ ಅಗಲವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯಬಲ್ಲ ಹುಡುಗ, ಕೊನೆಗೆ ಗುಬ್ಬಿಯಲ್ಲಿರುವ ತಾಯಿಗೆ ದಿನವೂ ಫೋನು ಮಾಡಿ ಇಂದು ಯಾವ ತಿಥಿ ಎಂದು ಕೇಳತೊಡಗುತ್ತಾನೆ. ಎಂದೂ ಪಂಚಾಂಗದ ಕಡೆ ತಿರುಗಿ ನೋಡದ ಮಗ ದಿನವೂ ತಿಥಿ ಕೇಳುತ್ತಿದ್ದಾನೆಂದರೆ ತಾಯಿ ಏನೆಂದುಕೊಂಡಾಳು? ಮದುವೆಯ ಮುಹೂರ್ತವನ್ನೇ ಹುಡುಕುತ್ತಿರಬೇಕೆಂದು ಅವಳು ನೆಂಟರಿಷ್ಟರಲ್ಲಿ ವಿಚಾರಿಸತೊಡಗುತ್ತಾಳೆ. ಹುಡುಗ ಹುಡುಗಿಗೆ ಮನಸ್ಸಿನ ಮಾತು ಹೇಳುವ ಮುನ್ನವೇ ಗುಬ್ಬಿಯಲ್ಲಿ ಸುದ್ದಿ ಹರಡಿರುತ್ತದೆ. ನಗು ಬರುವುದು ಹೀಗೆ, ಎರಡು ಊರುಗಳ ನಿಜವಾದ ಬದುಕುಗಳು ಒಂದಕ್ಕೊಂದು ತಾಗಿದಾಗ. ಯಾರ ಮಾತಿನ ರೀತಿಯನ್ನೂ ಅಣಕಿಸಿ ನಗಿಸಬೇಡಿ. ಕರಾವಳಿಯವರ ಕನ್ನಡವನ್ನು ಹಾಸ್ಯದ ಸರಕಾಗಿ ಬಳಸಿದ್ದು ಸಾಕಾಗಿದೆ.

ಎರಡನೆಯ ಗಡುವನ್ನು ಸರ್ಕಾರವೇ ಕೊಟ್ಟಿದೆ. ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು, ಕಡಲು ಕೆರಳುವ ಕಾಲವೂ ಹೌದು. ನಾಡದೋಣಿಗಳು ಮಾತ್ರ ದಡದ ಹತ್ತಿರ ಕಸುಬು ನಡೆಸುತ್ತವೆ. ಬೋಟುಗಳು ಬಂದರಿನಲ್ಲಿ ಒತ್ತಾಗಿ ನಿಲ್ಲುತ್ತವೆ, ಒಡಿಶಾದಿಂದಲೂ ಜಾರ್ಖಂಡಿನಿಂದಲೂ ಬಂದ ಕೆಲಸಗಾರರು ಊರಿಗೆ ಮರಳುತ್ತಾರೆ, ಹರಿದ ಬಲೆಗಳು ಚಾವಡಿಗೆ ಬರುತ್ತವೆ. ಐಸ್ ಕಾರ್ಖಾನೆಯಲ್ಲಿ ಯಂತ್ರದ ದುರಸ್ತಿ ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಅತ್ತ ನದಿ ತುಂಬಿ ಹರಿಯುವುದರಿಂದ ನೆಲದ ಗಟ್ಟಿತನ ನೋಡಲು ಕೊರೆಯುವ ತೆಪ್ಪವನ್ನೂ ಕಟ್ಟಿಹಾಕಬೇಕು. ಮೇ ತಿಂಗಳಿನಲ್ಲಿ ಹೊತ್ತು ಸಿಗದೆ ಪರದಾಡಿದ ಇಬ್ಬರಿಗೂ ಈಗ ಹೊತ್ತೇ ಹೊತ್ತು, ಹೋಗಲು ಜಾಗವಿಲ್ಲ. ಹೊರಗೆ ಬಿಡದೆ ಸುರಿಯುವ ಮಳೆ. ಊರಿನವರೆಲ್ಲರೂ ಮನೆಯಲ್ಲಿ, ಎಲ್ಲರಿಗೂ ಬಿಡುವು, ಆದ್ದರಿಂದ ಎಲ್ಲರ ಕಣ್ಣೂ ಇವರ ಮೇಲೆ. ಬಾಕಿ ತೀರಿಸಲು ಬಂದ ಬೋಟಿನ ಮಾಲೀಕರು ಲೆಕ್ಕದ ಪುಸ್ತಕದ ಪಕ್ಕದಲ್ಲಿ ಒದ್ದೆ ಕೊಡೆಯೊಂದನ್ನು ಕಂಡು ಅದು ಯಾರದೆಂದು ಚರ್ಚಿಸುವ ಒಂದು ಅಧ್ಯಾಯವನ್ನು ಬರೆಯಬೇಕೆಂದು ನನಗೇ ಆಸೆಯಾಗುತ್ತದೆ. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ಸಮುದ್ರ ಪೂಜೆ ಬರುತ್ತದೆ. ಆ ಹೊತ್ತಿಗೆ ಕಥೆ ಒಂದು ದಡಕ್ಕೆ ಬಂದಿರಬೇಕು.

ಬದಲಾವಣೆಯ ಮಾತಿಗೆ ಬರುತ್ತೇನೆ. ಕಡಲೂರು ನೂರಾರು ವರ್ಷ ಒಂದೇ ರೀತಿ ಇದ್ದು, ನಿಮ್ಮ ಕಥೆಯ ಮೊದಲ ಪುಟದಲ್ಲಿ ಮೊದಲ ಬಾರಿಗೆ ಬದಲಾವಣೆಯನ್ನು ಕಂಡಿತೆಂಬಂತೆ ಬರೆಯುವುದು ಇತಿಹಾಸಕ್ಕೆ ಬಗೆಯುವ ಅಪಚಾರ. ಊರಿನ ಎಷ್ಟೋ ಜನ ದಡದಲ್ಲಿ ನಿಂತು ಒಟ್ಟಾಗಿ ಎಳೆದು, ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದ ರಂಪಣಿ ಬಲೆ, 1970ರ ದಶಕದ ನಡುವಿನಲ್ಲಿ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಬೇಗ ಹಿಂದೆ ಸರಿಯಿತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ನೆಲದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬ ಕಟ್ಟಳೆ ತಂದಿತು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿ, ಹೊನ್ನಾವರದ ಬಳಿ ಶರಾವತಿಗೆ ಕಟ್ಟಿದ 2 ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಆ ಮಾರ್ಗದಲ್ಲೇ ಅತಿ ಉದ್ದದ್ದೆನಿಸಿತು. ಹೆದ್ದಾರಿ ಅಗಲವಾಯಿತು, ಕಾರವಾರ, ಅಂಕೋಲೆಗಳ ನಡುವೆ ನೌಕಾನೆಲೆಗಾಗಿ ಊರುಗಳು ಎದ್ದು ಬೇರೆಡೆ ನೆಲೆಸಿದವು. 2020ರಲ್ಲಿ ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಪಡುಬಿದ್ರಿ ಕಡಲತೀರಗಳಿಗೆ, ಶುಚಿಯಾದ, ಸುರಕ್ಷಿತವಾದ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು, 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹುಡುಗಿಯ ಅಜ್ಜ ರಂಪಣಿಯ ಹಗ್ಗ ಎಳೆದವನು, ಅಪ್ಪ ಕಡಲಿನಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನಲ್ಲಿ ದುಡಿದವನು, ತಾನು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವಳು ಎಂದಿಟ್ಟುಕೊಳ್ಳಿ. ಈ ಮನೆಯಲ್ಲಿ ಪ್ರತಿ ತಲೆಮಾರೂ ಒಂದು ಬದಲಾವಣೆಯನ್ನು ಉಂಡು ಜೀರ್ಣಿಸಿಕೊಂಡಿದೆ. ಹಾಗಾಗಿ ಸೇತುವೆಯ ಸುದ್ದಿ ಕೇಳಿ ಅಜ್ಜ ಕಣ್ಣೀರಿಡುವುದಿಲ್ಲ. ಕಂಬ ಎಲ್ಲಿ ಬರುತ್ತದೆ, ಅದರ ಬುಡದಲ್ಲಿ ಮೀನು ನಿಲ್ಲುತ್ತದೆಯೇ ಎಂದು ಕೇಳುತ್ತಾನೆ.

ಸೇತುವೆಯನ್ನು ಖಳನನ್ನಾಗಿ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಹೆಂಗಸನ್ನು ದೋಣಿಯಲ್ಲಿ ದಾಟಿಸಬೇಕಾದ ಮನೆಯವರಿಗೆ ತಾರಿಯ ಸೊಗಸನ್ನು ವರ್ಣಿಸಿ ಹೇಳುವ ಧೈರ್ಯ ನಮಗೆ ಇರಬಾರದು. ಕಾಲೇಜಿಗೆ ಹೋಗುವ ಹುಡುಗಿಯರಿಗೆ, ಮೀನಿನ ಲಾರಿಗೆ, ಅಂಚೆಯವನಿಗೆ ಸೇತುವೆ ಬೇಕು. ಅದೇ ಸೇತುವೆಯಿಂದ ತಾರಿ ನಡೆಸುವವನ ಕಸುಬು ಹೋಗುತ್ತದೆ, ದೋಣಿ ಕಾಯುವವರನ್ನೇ ನಂಬಿದ್ದ ಚಹಾದಂಗಡಿ ಮುಚ್ಚುತ್ತದೆ, ಆಚೆ ದಡದ ನೆಲದ ಬೆಲೆ ಏರಿ ಅಲ್ಲಿ ತಲೆತಲಾಂತರದಿಂದ ಇದ್ದವರಿಗೆ ಮನೆ ಕಟ್ಟಿಕೊಳ್ಳಲು ಜಾಗ ಸಿಗದೆ ಹೋಗಬಹುದು. ಇವೆರಡೂ ಒಂದೇ ಕಥೆಯಲ್ಲಿ, ಸಾಧ್ಯವಾದರೆ ಒಂದೇ ಮನೆಯ ಊಟದ ಹೊತ್ತಿನಲ್ಲಿ, ಎದುರುಬದುರಾಗಲಿ. ತಾರಿ ನಡೆಸುವವನು ಹುಡುಗಿಯ ಮಾವನಾಗಿರಲಿ, ಹೆರಿಗೆಗೆ ಬಂದಿರುವವಳು ಅವನ ಮಗಳೇ ಆಗಿರಲಿ. ಆಗ ಸೇತುವೆ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರ ಯಾವ ಸಂಪಾದಕೀಯಕ್ಕಿಂತಲೂ ತೂಕದ್ದಾಗಿರುತ್ತದೆ.

ನಾನು ಇಲ್ಲಿ ಹೇಳಲು ಬಂದ ಮುಖ್ಯ ಮಾತು ಇಷ್ಟು. ಎಲ್ಲಿರುವುದು, ಯಾರ ಜೊತೆ ಇರುವುದು, ಏನು ಮಾಡಿ ಬದುಕುವುದು ಎಂದು ಪ್ರೇಮಿಗಳು ಕೇಳಿಕೊಳ್ಳುತ್ತಾರೆ. ಬದಲಾಗುತ್ತಿರುವ ಊರು ಕೇಳಿಕೊಳ್ಳುವುದೂ ಇದನ್ನೇ. ಹುಡುಗ ಸೇತುವೆಯ ಅಳತೆ ಮುಗಿಸಿದ ದಿನ ಅವನಿಗೆ ಆ ಊರಿನಲ್ಲಿ ಕೆಲಸವಿರುವುದಿಲ್ಲ, ಅಂದರೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವನು ಹೊರಡುವ ದಿನ ಹತ್ತಿರವಾಗುತ್ತದೆ. ಹುಡುಗಿಗೆ ಸೇತುವೆಯಾದರೆ ಆಚೆ ದಡದ ದೊಡ್ಡ ಶೀತಲಗೃಹದಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಗಬಹುದು. ಸಿಕ್ಕರೆ ಅಪ್ಪನ ಗೆಳೆಯರು ಸೇರಿ ಕಟ್ಟಿದ ಹಳೆಯ ಐಸ್ ಕಾರ್ಖಾನೆ ನಿಲ್ಲುತ್ತದೆ. ಹೀಗೆ ಊರಿನ ಬದಲಾವಣೆ ಪ್ರೇಮದ ಒಳಗೇ ಬಂದು ಕೂತುಬಿಡುತ್ತದೆ. ಸೇತುವೆಯ ಅಡಿಗಲ್ಲಿನ ಸಮಾರಂಭವನ್ನು ಒಂದು ಅಧ್ಯಾಯದಲ್ಲಿ, ಪ್ರೇಮಿಗಳ ಮಾತುಕತೆಯನ್ನು ಇನ್ನೊಂದು ಅಧ್ಯಾಯದಲ್ಲಿ ಇಟ್ಟು ಬರೆದರೆ ಎರಡೂ ನಿರ್ಜೀವವಾಗುತ್ತವೆ.

ಈ ಪ್ರಶ್ನೆಯನ್ನು ನಾವು ಬಲ್ಲೆವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಪಾವಗಡದಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿಕೊಂಡಿದೆ. ಅಲ್ಲಿ ರೈತರು ನೆಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶೇಂಗಾ ಬೆಳೆಯುತ್ತಿದ್ದ ಮನೆಗೆ ಈಗ ವರ್ಷಕ್ಕೊಮ್ಮೆ ಬಾಡಿಗೆ ಬರುತ್ತದೆ, ಬೆಳೆಯ ಕೆಲಸ ಇಲ್ಲ. ಅಂತಹ ಮನೆಯ ಹುಡುಗ ಮದುವೆಗೆ ಹೆಣ್ಣು ನೋಡಲು ಹೋದಾಗ ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ ಏನು ಹೇಳಬೇಕು? ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನಮ್ಮ ಊರಿನ ಸಾವಿರಾರು ಜನರಿಗೂ ಎಲ್ಲಿರುವುದು ಎಂಬ ಪ್ರಶ್ನೆ ತೀರಿಲ್ಲ. ಕಡಲೂರಿನ ಕಥೆ ಬರೆಯುವಾಗ ಈ ಅನುಭವವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಸಮುದ್ರವನ್ನು ನೀವು ಕಲಿಯಬೇಕು, ಆದರೆ ನೆಲ ಕಾಲಡಿಯಲ್ಲಿ ಸರಿಯುವಾಗ ಆಗುವ ತಳಮಳವನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಊಟದ ವಿಷಯದಲ್ಲಿ ಒಂದೆರಡು ಮಾತು, ಏಕೆಂದರೆ ಲಘು ಪ್ರೇಮಕಥೆಯ ಅರ್ಧ ಜೀವ ಅಡುಗೆಮನೆಯಲ್ಲಿರುತ್ತದೆ. ಮುದ್ದೆ ಉಂಡು ಬೆಳೆದವನಿಗೆ ಕುಚ್ಚಲಕ್ಕಿಯ ಗಂಜಿ ಮೊದಲು ಹಿಡಿಸುವುದಿಲ್ಲ. ಇದನ್ನು ಎಲ್ಲರೂ ಬರೆಯುತ್ತಾರೆ. ತೆಂಗನ್ನು ಹಿಡಿದುಕೊಳ್ಳಿ. ಕರಾವಳಿಯಲ್ಲಿ ಹಸಿ ಕಾಯಿ ತುರಿದು ಅರೆಯದೆ ಮಧ್ಯಾಹ್ನದ ಸಾರಾಗುವುದಿಲ್ಲ. ತಿಪಟೂರು ಸೀಮೆಯಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಉಂಡೆ ಕೊಬ್ಬರಿ ತೆಗೆಯುತ್ತಾರೆ. ತೆಂಗಿನಕಾಯಿಯನ್ನು ಒಂದು ವರ್ಷ ಒಡೆಯದೆ ಇಟ್ಟುಕೊಳ್ಳುವ ಜನ ಇದ್ದಾರೆಂಬುದನ್ನು ಹುಡುಗಿಯ ಅಜ್ಜಿ ನಂಬುವುದೇ ಇಲ್ಲ. ಅಷ್ಟು ಕಾಯಬಲ್ಲವರ ಮನೆಗೆ ಮೊಮ್ಮಗಳನ್ನು ಕೊಡಬಹುದೆಂದು ಅವಳು ಮನಸ್ಸು ಮಾಡುವುದು ಆ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಇಂತಹ ಒಂದು ಸಂಗತಿ ಹತ್ತು ಸೂರ್ಯಾಸ್ತಗಳಿಗೆ ಸಮ. ಸೂರ್ಯಾಸ್ತ ಬೇಡವೆಂದಲ್ಲ, ಬೋಟು ಮರಳಿ ಬರುವುದನ್ನು ಕಾಯುತ್ತಿರುವವರ ಕಣ್ಣಿನಿಂದ ಅದನ್ನು ನೋಡಿ. ಅವರಿಗೆ ಅದು ಬೆಳಕು ಉಳಿದಿರುವಷ್ಟು ಹೊತ್ತು.

ಉಪನ್ಯಾಸದ ನಂತರ ಸಭೆಯಲ್ಲಿ ಒಬ್ಬ ಯುವತಿ, ಮದುವೆಯಾದ ಮೇಲೆ ಈ ಹುಡುಗಿ ಗುಬ್ಬಿಗೆ ಬರಬೇಕೋ, ಹುಡುಗ ಅಲ್ಲೇ ಉಳಿಯಬೇಕೋ ಎಂದು ಕೇಳಿದರು. ಇದನ್ನು ರೂಢಿಗೆ ಬಿಡದೆ, ಲೆಕ್ಕ ಹಾಕಿ ತೀರ್ಮಾನಿಸಿ ಎಂದೆ. ಹುಡುಗಿ ಲೆಕ್ಕದವಳು; ಅವಳೇ ಕಾಗದದ ಮೇಲೆ ಬರೆಯಲಿ. ಅಳತೆ ಮುಗಿದರೂ ಸೇತುವೆ ಕಟ್ಟಲು ವರ್ಷಗಳು ಬೇಕು, ಆ ಕೆಲಸಕ್ಕೂ ಜನ ಬೇಕು. ಹಳೆಯ ಐಸ್ ಕಾರ್ಖಾನೆಯ ಪಾಲುದಾರರಿಗೆ ವಯಸ್ಸಾಗಿದೆ, ಅದನ್ನು ನಡೆಸಬಲ್ಲವಳು ಇವಳೊಬ್ಬಳೇ. ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ರಾತ್ರಿ ರೈಲು ನಮ್ಮ ಜಿಲ್ಲೆಯ ನೆಲದ ಮೇಲೆಯೇ ಹಾದುಹೋಗುತ್ತದೆ, ಆದ್ದರಿಂದ ಗುಬ್ಬಿಯ ತಾಯಿಗೆ ಮಗ ದೂರವಾದನೆಂಬ ಕೊರಗಿಗೂ ಪರಿಹಾರ ಉಂಟು. ಈ ಲೆಕ್ಕದ ಪ್ರಕಾರ ಹುಡುಗ ಅಲ್ಲಿ ಉಳಿಯುವುದೇ ಸರಿ, ಮತ್ತು ಅವನು ಈಜು ಕಲಿಯಬೇಕು. ಮದುವೆಯ ದಿನವನ್ನು ಮಾತ್ರ ಆಗಸ್ಟಿನ ಮೊದಲ ವಾರಗಳಲ್ಲಿ ಇಡಬೇಡಿ: ನಿಷೇಧ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುವ ಆ ದಿನಗಳಲ್ಲಿ ಐಸಿಗೆ ಸರದಿ ನಿಂತಿರುತ್ತದೆ, ವಧುವಿಗೆ ಸೀರೆ ಆರಿಸಲೂ ಬಿಡುವಿರುವುದಿಲ್ಲ.